ನಾಲ್ಕನೆಯ ಐತ್ವಾರ

"ಇವತ್ತ ಬುಧವಾರ ಐತಿ. ಔಷಧ ಕೊಡೋದು ಐತ್ವಾರ," ಎಂದಳು ಮುದಕವ್ವ, ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುವುದನ್ನು ಬಿಡದೆ. ಆಮೇಲೆ ತಲೆ ಎತ್ತಿ ನೋಡಿದಳು. "ನೀ ಆ ಮೊಣಕಾಲಿನ ಹುಡುಗಿ ಹೌದಲ್ಲ? ವಯಸ್ಸಿಲ್ಲ, ಮೈಯಾಗ ಭಾರ ಇಲ್ಲ, ಮೊಣಕಾಲು ಹ್ಯಾಂಗ ಹಿಡೀತು ಅಂತ ಅವತ್ತ ಅಂದುಕೊಂಡಿದ್ದೆ."

ಚಿನ್ಮಯೀಗೆ ಮೊಣಕಾಲು ಎಂದೂ ನೊಂದಿರಲಿಲ್ಲ. ಧಾರವಾಡದಿಂದ ಉಪ್ಪಿನಬೆಟಗೇರಿವರೆಗೆ ಬಸ್ಸಿನಲ್ಲಿ ಕೂತು ಹೊಂದಿಸಿಕೊಂಡು ಬಂದಿದ್ದ ಮಾತೆಲ್ಲ ಈ ಒಂದು ಪ್ರಶ್ನೆಗೆ ಚದುರಿಹೋಯಿತು.

"ಅದು ನನಗಲ್ಲ ಅಜ್ಜಿ, ನಮ್ಮ ಸೋದರತ್ತಿ ಕಾಶೀಬಾಯಿಗೆ ಒಯ್ದಿದ್ದೆ. ಆಕಿ ಈಗ ದವಾಖಾನ್ಯಾಗಿದ್ದಾಳ. ಕಣ್ಣು ಅರಿಷಿಣ ಆಗ್ಯಾವ, ಲಿವರ್ ಕೆಟ್ಟದಂತ. ಏನು ತಿಂದಾರಂತ ಗೊತ್ತಾಗದ ಮುಂದ ಹೆಜ್ಜಿ ಇಡ್ಲಿಕ್ಕೆ ಡಾಕ್ಟರಿಗೆ ಧೈರ್ಯ ಇಲ್ಲ. ಆ ಪುಡಿ ಏನಂತ ಹೇಳ್ರಿ."

ಮುದಕವ್ವನ ಕೈ ನಿಂತಿತು. ಕೀಲುನೋವಿಗೆ ಅವಳು ಭಾನುವಾರಕ್ಕೊಂದು ಪೊಟ್ಟಣ ಕಟ್ಟಿಕೊಡುವ ಕಂದು ಪುಡಿಯನ್ನು ಸುತ್ತಲಿನ ಹನ್ನೆರಡು ಹಳ್ಳಿಯವರು ಕಣ್ಣುಮುಚ್ಚಿ ನುಂಗುತ್ತಿದ್ದರು. ಅದು ಏನೆಂದು ಕೇಳುವಂತಿಲ್ಲ, ಹೇಳುವಂತಿಲ್ಲ. ಹೇಳಿದರೆ ಕೈಗುಣ ಹೋಗುತ್ತದೆ. ಚಿನ್ಮಯೀ ಮಾತ್ರ ಪುಡಿಯನ್ನೇ ಕೇಳಿ ನೋಡಿದ್ದಳು. ಸಸ್ಯಶಾಸ್ತ್ರದ ಎಂ.ಎಸ್ಸಿ. ಹುಡುಗಿ, ಒಂದು ಚಿಟಿಕೆ ಕದ್ದು ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದಳು. ಬೇರಿನ ಜೀವಕೋಶ ಇಲ್ಲ, ಎಲೆಯದೂ ಇಲ್ಲ, ಬರೀ ಗಾಜಿನ ಚೂರಿನಂಥ ತುಣುಕುಗಳು. ಅಂದರೆ ಯಾವುದೋ ಗಿಡದ ಅಂಟು. ಯಾವ ಗಿಡ? ಅತ್ತೆಯ ಕಣ್ಣು ಹಳದಿಯಾದ ಮೇಲೂ ಆ ಕುತೂಹಲ ತನ್ನಲ್ಲಿ ಸತ್ತಿಲ್ಲವೆಂದು ಅವಳಿಗೆ ಒಳಗೊಳಗೇ ನಾಚಿಕೆ.

"ನಾ ಕೊಡೋದು ಮೂರ ಐತ್ವಾರ," ಎಂದಳು ಮುದಕವ್ವ. "ಮೂರಕ್ಕ ಇಲ್ಲೀತನಕ ಯಾರ ಕಣ್ಣೂ ಹಳದಿ ಆಗಿಲ್ಲ. ನಾಕನೇ ಐತ್ವಾರ ಕೊಡಬ್ಯಾಡ, ಮದ್ದು ತಿರುಗಿ ಬೀಳತೈತಿ ಅಂತ ನನ್ನ ಗಂಡನ ಅವ್ವ ಹೇಳಿ ಸತ್ತಾಳ."

"ಅತ್ತಿ ಹನ್ನೊಂದು ಐತ್ವಾರ ತಗೊಂಡಾಳ್ರಿ."

"ನಾ ಕೊಡದ ಎಲ್ಲಿಂದ ಬಂತು?"

"ಮೂರು ಸಲ ತಾನ ಬಂದ್ಲು. ಆಮ್ಯಾಲೆ ವಾರಕ್ಕೊಬ್ಬರನ್ನ ಕಳಿಸಿದ್ಲು. ಹಾಡು ಕಲೀಲಿಕ್ಕೆ ಬರೋ ಹುಡುಗ್ಯಾರು, ಎದುರುಮನಿಯವರು, ಹಾಲಿನಾಕಿ... ನಾನೂ. ಎಲ್ಲಾರೂ ನಮಗ ಮೊಣಕಾಲು ನೋವು ಅಂತ ಹೇಳಿ ತಂದ್ರು."

"ಎಂಟು ಮಂದಿ ಮೊಣಕಾಲು ಒಬ್ಬಾಕಿಗೆ! ನಿಮ್ಮತ್ತಿ ಏನು ಜರಿಹುಳನ?"

ಚಿನ್ಮಯೀಗೆ ನಗು ಬಂದೇಬಿಟ್ಟಿತು, ಅದರ ಬೆನ್ನಿಗೇ ಅಳು. ಐದು ವರ್ಷ ಕುರ್ಚಿಯಲ್ಲಿ ಕೂತು ಪಾಠ ಹೇಳಿದ್ದ ಅತ್ತೆ, ಮೂರನೆಯ ಪೊಟ್ಟಣ ಮುಗಿಯುವ ಹೊತ್ತಿಗೆ ಚಾಪೆಯ ಮೇಲೆ ಕಾಲು ಮಡಿಚಿ ಕೂತು ತಂಬೂರಿ ಹಿಡಿದಿದ್ದಳು. ಅಂಥದ್ದನ್ನು ಮೂರೇ ವಾರಕ್ಕೆ ಯಾರು ಬಿಟ್ಟಾರು?

ಮುದಕವ್ವ ಮಡಿಲಿನ ಅವರೆಸಿಪ್ಪೆ ಕೊಡವಿದಳು. "ಇದನ್ನ ಒಬ್ಬರಿಗಷ್ಟ ಹೇಳಬೇಕು. ಹೇಳಿದ್ರ ನನ್ನ ಕೈ ಮುಗೀತು, ಕೇಳಿದಾಕಿ ಕೈ ಶುರು ಆತು. ಬಂದವರನ್ನ ಆಕಿ ಬರಿಗೈಲೆ ಕಳಸಂಗಿಲ್ಲ. ಸೊಸಿಗಂತ ಇಟ್ಟಿದ್ದೆ..." ಎಂದವಳೇ, ಅವರೆಯ ಸೊಗಡು ಹತ್ತಿದ ಬೆರಳಿನಿಂದ ಚಿನ್ಮಯೀಯ ಕಿವಿ ಹಿಡಿದು ಹತ್ತಿರಕ್ಕೆಳೆದಳು. "ಗುಗ್ಗಳ."

ವೀರಭದ್ರನ ಮುಂದೆ ಕೆಂಡಕ್ಕೆ ಸುರಿದು ಹೊಗೆ ಎಬ್ಬಿಸುವ ಗುಗ್ಗಳವೇ? ಅದೇ. ರಾಜಸ್ಥಾನದ ಮರಳಿನಲ್ಲಿ ಬೆಳೆಯುವ ಮುಳ್ಳುಪೊದೆ. ತೊಗಟೆ ಗೀರಿದರೆ ಒಸರುವ ಅಂಟು. ಮುದಕವ್ವ ಅದನ್ನು ಹಳೇ ಹುಬ್ಬಳ್ಳಿಯ ಶಹಜಹಾನಬೇಗಂ ಎಂಬಾಕೆಯ ಗಿಡಮೂಲಿಕೆ ಅಂಗಡಿಯಿಂದ ತಂದು, ಹಾಲಿನಲ್ಲಿ ಕುದಿಸಿ, ಒಣಗಿಸಿ ಕುಟ್ಟುತ್ತಿದ್ದಳಂತೆ. ಚಿಕ್ಕಂದಿನಿಂದ ಮೂಗಿಗೆ ಗೊತ್ತಿದ್ದದ್ದನ್ನು ತಾನು ಗಾಜಿನಡಿ ಹುಡುಕಿದೆನಲ್ಲ ಎಂದು ಚಿನ್ಮಯೀ ಬೆರಗಾದಳು.

"ಡಾಕ್ಟರಿಗೆ ಹೇಳಿದ್ರ ನನ್ನ ಕೈಗುಣಾನೂ ಹೋಗ್ತದಲ್ರಿ?"

"ಹೋಗತೈತಿ. ಈಗ ಅದು ನಿಂದು. ಇಟ್ಕೋ, ಕಳಕೋ, ನನ್ನ ಕೇಳಬ್ಯಾಡ."

ಚಿನ್ಮಯೀ ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಹಚ್ಚಿದಳು. "ಗುಗ್ಗಳ," ಎಂದಳು, ಗಟ್ಟಿಯಾಗಿ. ಆ ಕಡೆಯಿಂದ ಎಷ್ಟು ವಾರ ಎಂದು ಕೇಳಿದರು. ಹನ್ನೊಂದು ಎಂದಳು. ಆಮೇಲೆ ಡಾಕ್ಟರ ದನಿ: "ಮೊದಲ ಕೊಲೆಸ್ಟ್ರಾಲ್ ಗುಳಿಗಿ ನುಂಗ್ತಿದ್ರು, ಅದರ ಮ್ಯಾಲೆ ಇದು. ಎರಡೂ ಕೂಡಿ ಲಿವರಿಗೆ ಏಟು ಹಾಕಿರಬೇಕು. ಎರಡೂ ಬಂದ್ ಮಾಡೋಣ. ಲಗೂನ ಹೇಳಿದ್ದು ಛಲೋ ಆತು, ಸುಧಾರಿಸೋ ಆಶಾ ಅದ."

ಮುದಕವ್ವ ಜಂತಿ ನೋಡುತ್ತ ಕೂತಿದ್ದಳು, ಅಲ್ಲಿಂದ ಏನಾದರೂ ಕಳಚಿ ಬೀಳುತ್ತದೇನೋ ಎಂಬಂತೆ. ಏನೂ ಬೀಳಲಿಲ್ಲ. ಅಂಗಳದ ಎಮ್ಮೆ ಕಿವಿ ಝಾಡಿಸಿತು.

ಅಷ್ಟರಲ್ಲಿ ಕೋಲು ಊರಿಕೊಂಡು ಪಕ್ಕದ ಹಳ್ಳಿಯ ಮೈಲಾರಪ್ಪ ಬಂದ. "ಐತ್ವಾರತನಕ ತಡಿಯಾಕ ಆಗವಲ್ದು ಯವ್ವಾ. ಒಂದು ಪೊಟ್ಟಣ ಕೊಡು."

ಮುದಕವ್ವ ಗದ್ದದಿಂದಲೇ ಚಿನ್ಮಯೀಯತ್ತ ತೋರಿಸಿದಳು. "ಇನ್ನ ಆಕೀನ ಕೇಳು."

ಜೀನ್ಸ್ ತೊಟ್ಟ ಹುಡುಗಿಯನ್ನು ಮೈಲಾರಪ್ಪ ಮೇಲಿನಿಂದ ಕೆಳಗಿನವರೆಗೆ ನೋಡಿದ. ವಾದಿಸಲಿಲ್ಲ. ಕಟ್ಟೆಗೆ ಕೂತು ಬಾತ ಮೊಣಕಾಲನ್ನು ಅವಳ ಮುಂದೆ ಚಾಚಿದ.

"ಕಾಕಾ," ಎಂದಳು ಚಿನ್ಮಯೀ, ಗಂಟಲು ಸರಿಮಾಡಿಕೊಂಡು, "ಮೊದಲ ಇದನ್ನ ಹೇಳ್ರಿ. ಬ್ಯಾರೆ ಯಾವ ಗುಳಿಗಿ ತಗೋಳಿಕತ್ತೀರಿ?"

ಅವನು ಅಂಗಿಯ ಒಳಕಿಸೆಯಿಂದ ಪ್ಲಾಸ್ಟಿಕ್ ಚೀಲ ತೆಗೆದು ಕಟ್ಟೆಯ ಮೇಲೆ ಸುರುವಿದ. ಬಿಳಿ, ಗುಲಾಬಿ, ಅರ್ಧ ಕೆಂಪು ಅರ್ಧ ಹಳದಿ; ಕತ್ತರಿಸಿ ಕೊಟ್ಟ ಪಟ್ಟಿಗಳ ಮೇಲೆ ಒಂದೊಂದು ಅಕ್ಷರ ಮಾತ್ರ ಉಳಿದಿತ್ತು. ಮುದಕವ್ವ ಅವರೆಯ ಮೊರವನ್ನು ಬದಿಗೆ ಸರಿಸಿ, ಸಣ್ಣ ಹುಡುಗಿಯ ಹಾಗೆ ಬಗ್ಗಿ ನೋಡಿದಳು.

"ಇವೆಲ್ಲಾ ಏನೋ ಮೈಲಾರಪ್ಪಾ?"

"ಯಾರಿಗ್ಗೊತ್ತು ಬೇ. ಕೊಟ್ಟವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ."