ಬಿಮಲೇಂದು ಬಾಬುಗಳ ಕೇದಾರ

ಬೆನ್ನ ಮೇಲಿನ ಚೀಲದಲ್ಲಿ ಹತ್ತು ಕಿಲೋ ಅಕ್ಕಿ. ಎದುರಿಗೆ ಕೋಲ್ಕತಾದ ಟಾಲಿಗಂಜಿನ ಹಳೆಯ ಕಟ್ಟಡವೊಂದರ ನಾಲ್ಕು ಮಹಡಿ ಮೆಟ್ಟಿಲು. ಬೆಳಗ್ಗಿನಿಂದ ಇದು ಆರನೆಯ ಸುತ್ತು. ಅಮೃತ್ ಗೋಡೆ ಹಿಡಿದು ನಿಂತ.

“ನಿಂತುಬಿಟ್ಟೆಯಾ?” ಕೆಳಗಿನಿಂದ ಬಿಮಲೇಂದು ಬಾಬುಗಳ ದನಿ ಬಂತು.

“ಇಲ್ಲ ಕಾಕು. ದೇವರನ್ನ ನೆನೆಸ್ಕೊಳ್ತಿದ್ದೆ.”

ಸುಳ್ಳಲ್ಲ. ಶಿವನನ್ನೇ ನೆನೆಯುತ್ತಿದ್ದ, ಭಕ್ತರು ಕೇಳಬಾರದ ಮಾತುಗಳಲ್ಲಿ. ಪಾಂಡವರ ಕಾಟ ತಡೆಯಲಾರದೆ ಕೇದಾರದವರೆಗೆ ಓಡಿಹೋದನಂತೆ ಪುಣ್ಯಾತ್ಮ. ಇಲ್ಲೇ ಮೆಟ್ರೋ ನಿಲ್ದಾಣದ ಆಸುಪಾಸಿನಲ್ಲಿ ಅಡಗಿಕೊಂಡಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತು? ಆ ಮಹಾರಾಯನಿಗೆ ಅಪ್ಪನೂ ಇಲ್ಲ, ಗಂಟೂ ಇಲ್ಲ.

ಬಿಮಲೇಂದು ಬಾಬುಗಳು ಪಿಯಾಲಿಯ ತಂದೆ; ಬಂಗಾಳಿ ರೂಢಿಯಂತೆ ಅಮೃತನಿಗೆ ‘ಕಾಕು’, ಅಂದರೆ ಚಿಕ್ಕಪ್ಪ. ಸರ್ಕಾರಿ ಕೆಲಸದಿಂದ ನಿವೃತ್ತರು, ಲೇಕ್ ಗಾರ್ಡನ್ಸ್‌ನಲ್ಲಿ ಮನೆ. ಪಿಯಾಲಿಗೂ ಅಮೃತನಿಗೂ ಜೂನ್ ಹನ್ನೆರಡಕ್ಕೆ ಮದುವೆ. ನಿಶ್ಚಯವಾಗಿ ವಾರವಾಗಿರಲಿಲ್ಲ, ಬಾಬುಗಳು ಅವನನ್ನು ಕರೆದು ಕೂರಿಸಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದರು: “ಮದುವೆಗೆ ಮೊದಲು ನೀನು ಕೇದಾರಕ್ಕೆ ಹೋಗಬೇಕು. ನಡೆದೇ ಹತ್ತಬೇಕು. ನಾನೂ ಬರ್ತೀನಿ.”

ಯಾಕೆ ಎಂದು ಕೇಳುವ ಧೈರ್ಯ ಅಮೃತನಿಗೆ ಬರಲಿಲ್ಲ. ಹಿಂದೆ ಪಿಯಾಲಿಯನ್ನು ನೋಡಲು ಬಂದ ಡಾಕ್ಟರೊಬ್ಬ ಮೀನಿನ ಮುಳ್ಳು ಬಿಡಿಸಲಾರದೆ ಒದ್ದಾಡಿದ್ದಕ್ಕೇ ಸಂಬಂಧ ಮುರಿದುಬಿದ್ದಿತ್ತಂತೆ. ಮೀನನ್ನೇ ಮುಟ್ಟದ ತನಗೆ ಇದು ಬದಲಿ ಪರೀಕ್ಷೆ ಎಂದುಕೊಂಡ. ಫೇಲಾದರೆ ಪಿಯಾಲಿ ಕೈತಪ್ಪುತ್ತಾಳೆ. ಹೌರಾ ಸೇತುವೆ ದಾಟುವಾಗಲೂ ಕಣ್ಣು ಮುಚ್ಚಿಕೊಳ್ಳುವ ಆಸಾಮಿ, ಅವಳಿಗಾಗಿ ಹಿಮಾಲಯಕ್ಕೆ ಹೂಂ ಅಂದುಬಿಟ್ಟ.

ಪಿಯಾಲಿಯನ್ನು ಕೇಳಿದರೆ, “ಬಾಬಾ ಇದರ ಬಗ್ಗೆ ಬಾಯೇ ಬಿಡಲ್ಲ. ಊಟದ ಹೊತ್ತಲ್ಲೂ ಮ್ಯಾಪ್ ಹಿಡ್ಕೊಂಡು ಕೂತಿರ್ತಾರೆ. ಹೇಳಿದಷ್ಟು ಮಾಡಿಬಿಡು, ಪ್ಲೀಸ್,” ಎಂದಳು.

ಅಮೃತನ ತಾಯಿ ಪ್ರಫುಲ್ಲಾ ಮಾತ್ರ ಕುದಿಯುತ್ತಿದ್ದರು. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಮನೆಯ ಹಿರಿತನವೆಲ್ಲ ಮೈಸೂರಿನ ಭಾವ ನರಸಿಂಹಮೂರ್ತಿಗಳದು. ಕರ್ನಾಟಕವನ್ನು ಬೇಸಿಗೆ ರಜೆಯಲ್ಲಷ್ಟೇ ಕಂಡಿದ್ದ ಅಮೃತನಿಗೆ ಅವರೇ ದೊಡ್ಡ ನ್ಯಾಯಾಲಯ.

“ಶಾಸ್ತ್ರ ಸಂಪ್ರದಾಯ ಎಲ್ಲಾನೂ ನಿಮ್ಮ ದೊಡ್ಡಪ್ಪ ಫೋನಲ್ಲೇ ಅವರಿಗೆ ಹೇಳಿ ಮುಗಿಸಿದಾರೆ. ನಮ್ಮ ಕಡೆಯಿಂದ ಅವರಿಗೆ ಒಂದು ಚೂರು ತೊಂದರೆ ಇಲ್ಲ,” ಎಂದರು ಪ್ರಫುಲ್ಲಾ. “ಈ ಮನುಷ್ಯ ನೋಡಿದ್ರೆ ನನ್ನ ಮಗನ್ನ ಬೆಟ್ಟದಿಂದ ತಳ್ಳೋಕೆ ಹೊರಟಿದಾನೆ.”

ಎಸ್ಪ್ಲನೇಡ್‌ನಲ್ಲಿ ಒಂದು ಸಂಜೆಯಿಡೀ ಖರೀದಿ ನಡೆಯಿತು. ಬೂಟು, ರೈನ್‌ಕೋಟು, ಕಣ್ಣೆರಡೇ ಕಾಣುವ ಮಂಕಿ ಟೋಪಿ. ಆಮೇಲೆ ಬಾಬುಗಳು ಜೇಬಿನಿಂದ ಒಂದು ಚೀಟಿ ತೆಗೆದು ಓದಿ, ಛತ್ರಿ ಕೊಂಡರು. ಊರುಗೋಲು ಕೊಂಡರು. ಕೊನೆಗೆ ಒಂದು ಬೀಸಣಿಗೆ.

“ಕಾಕು, ಅಲ್ಲಿನ ಚಳಿಗೆ ಬೀಸಣಿಗೆ ಯಾಕೆ?”

ಬಾಬುಗಳು ಅವನನ್ನೇ ದಿಟ್ಟಿಸಿದರು. “ಅದನ್ನ ನೀನು ನನ್ನ ಕೇಳ್ತೀಯಾ?”

ಅಮೃತ್ ಮೆಟ್ರೋ ಇಳಿಯುವವರೆಗೂ ಬೀಸಣಿಗೆ ಹಿಡಿದೇ ನಿಂತಿದ್ದ.

ದಿನಾ ಬೆಳಗ್ಗೆ ಬಾಬುಗಳ ಮನೆ ಹತ್ತಿರದ ಕೆರೆಯ ಸುತ್ತ ನಡಿಗೆ. ಮೂರು ಸುತ್ತಿಗೆ ಅಮೃತನ ನಾಲಗೆ ಹೊರಬರುತ್ತಿತ್ತು. ಬಾಬುಗಳು ಬೆಂಚಿನ ಮೇಲೆ ಕೂತು, ಯಾರೂ ನೋಡುತ್ತಿಲ್ಲವೆಂದುಕೊಂಡು, ಮಂಡಿಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದರು. ಹೊರಡುವ ಹಿಂದಿನ ದಿನ ಅವರು ಇದ್ದಕ್ಕಿದ್ದಂತೆ ಕೇಳಿದರು.

“ನಿಜ ಹೇಳು. ಬೆಟ್ಟದ ಬುಡದ ಗೌರಿಕುಂಡದ ತನಕ ಗಾಡೀಲಿ ಹೋಗಿ ಬಂದರೆ ಸಾಲದಾ?”

ಎಲಾ ಮುದುಕ, ಗಾಳ ಹಾಕುತ್ತಿದ್ದಾನೆ. ಅಮೃತ್ ಎದೆ ಸೆಟೆಸಿದ. “ಸಾಲದು ಕಾಕು. ತುದಿಯವರೆಗೂ ಹೋಗ್ಬೇಕು.”

ಬಾಬುಗಳ ಮುಖ ಸಪ್ಪಗಾಯಿತು. “ಆಗಲಿ. ಮೇಲೆ ಹೋದಮೇಲೆ, ನಾನು ಕರೆದ ತಕ್ಷಣ ವಾಪಸು ಬರ್ತೀಯಲ್ಲ?”

“ಬರ್ತೀನಿ.”

“ಒಂದೇ ಸಲ ಕರೆದರೆ ಸಾಕು ತಾನೇ?”

ಕರೆಯದೆಯೇ ಬಿಟ್ಟುಬರುವ ಯೋಚನೆಯೂ ಈತನಿಗೆ ಇದೆಯೋ ಏನೋ. ಅಮೃತ್ ಮನೆಗೆ ಬಂದವನೇ ಇನ್ಶೂರೆನ್ಸ್ ಕಾಗದ ಎಲ್ಲಿದೆ ಎಂದು ಅಮ್ಮನಿಗೆ ತೋರಿಸಿಕೊಟ್ಟ. ಅವರು ಕಣ್ಣಲ್ಲಿ ನೀರು ಹಾಕಿಕೊಂಡು, ನಾಲ್ಕು ದಿನಕ್ಕಾಗುವಷ್ಟು ಚಪಾತಿ ಕಟ್ಟಿದರು.

ಮಾರನೆಯ ದಿನ ಮಧ್ಯಾಹ್ನದ ರೈಲು. ಬಾಬುಗಳು ಮಂಕಿ ಟೋಪಿಯನ್ನು ಈಗಲೇ ತೊಟ್ಟು, ಮೇ ತಿಂಗಳ ಬೆವರಿನಲ್ಲಿ ತೊಯ್ದು, ಟಾಲಿಗಂಜಿನಲ್ಲಿ ಅಮೃತನ ಮನೆಯ ಸೋಫಾದಲ್ಲಿ ಕೂತಿದ್ದರು. ಆಗಲೇ ಬಾಗಿಲಲ್ಲಿ ಸೂಟ್‌ಕೇಸಿನ ಸಮೇತ ದೊಡ್ಡಪ್ಪ ನರಸಿಂಹಮೂರ್ತಿಗಳು ಪ್ರತ್ಯಕ್ಷರಾದರು. ಮದುವೆ ಕೆಲಸಕ್ಕೆಂದು ಮುಂಚಿತವಾಗಿಯೇ ಮೈಸೂರಿನಿಂದ ಬಂದಿದ್ದರು.

“ಏನು ಬೀಗರೇ, ದಂಡು ಎಲ್ಲಿಗೆ ಹೊರಟಿತು?” ಎಂದು ತಮ್ಮ ಮೈಸೂರು ಹಿಂದಿಯಲ್ಲಿ ಕೇಳಿದರು.

ತಿಂಗಳಿನಿಂದ ತಡೆದುಕೊಂಡಿದ್ದೆಲ್ಲ ಬಾಬುಗಳಿಂದ ಒಮ್ಮೆಲೇ ಹೊರಗೆ ಬಂತು.

“ನೀವೇ ಹೇಳಿದ್ದಲ್ಲವೇ? ವರ ಸಂಸಾರ ಬೇಡ ಅಂತ ತೀರ್ಥಯಾತ್ರೆಗೆ ಹೊರಡಬೇಕು, ಹುಡುಗಿಯ ತಂದೆ ಹಿಂದೆಯೇ ಹೋಗಿ, ಮಗಳನ್ನ ಕೊಡ್ತೀನಿ ಅಂತ ಒಪ್ಪಿಸಿ ವಾಪಸು ಕರಕೊಂಡು ಬರಬೇಕು, ಆಮೇಲೇ ಮದುವೆ ಅಂತ. ಕಾಶಿಯೋ ಕೇದಾರವೋ, ಹೆಸರಿಗೆ ಯಾವುದಾದರೂ ಸರಿ ಅಂದಿರಿ. ಕಾಶಿಗಾದರೆ ರೈಲಲ್ಲಿ ಮಲಗಿ ಎದ್ದರೆ ಆಯಿತು. ಒಬ್ಬಳೇ ಮಗಳು. ಬಂಗಾಳಿ ಸುಲಭದ್ದು ನೋಡಿಕೊಂಡ ಅಂತ ನಾಳೆ ನಿಮ್ಮವರು ಆಡಿಕೊಳ್ಳಬಾರದಲ್ಲ, ಅದಕ್ಕೇ ಕೇದಾರ ಹಿಡಿದೆ. ಈ ಮಂಡಿ ಇಟ್ಟುಕೊಂಡು.”

ಅಮೃತ್ ಚೀಲವನ್ನು ನೆಲಕ್ಕೆ ಬಿಟ್ಟ. “ಕಾಕು, ಇದು ನೀವು ನನಗೆ ಇಟ್ಟ ಪರೀಕ್ಷೆ ಅಲ್ವಾ?”

“ಪರೀಕ್ಷೆಯಾ? ನಿಮ್ಮ ಸಂಪ್ರದಾಯ ಅಲ್ವಾ?”

ಅಡುಗೆಮನೆಯ ಬಾಗಿಲಲ್ಲಿ ಪ್ರಫುಲ್ಲಾ ಸೆರಗು ಬಾಯಿಗೆ ಒತ್ತಿಕೊಂಡರು. ಅಳುವೋ ನಗುವೋ ತಿಳಿಯಲಿಲ್ಲ.

ನರಸಿಂಹಮೂರ್ತಿಗಳು ನಿಧಾನವಾಗಿ ಕುರ್ಚಿ ಎಳೆದು ಕೂತರು. “ಬೀಗರೇ,” ಎಂದರು, “ನಮ್ಮ ಕಾಶೀಯಾತ್ರೆ ಮದುವೆಯ ದಿನ ಬೆಳಗ್ಗೆ, ಛತ್ರದ ಒಳಗಿಂದ ಛತ್ರದ ಬಾಗಿಲಿನವರೆಗೆ. ಹೆಚ್ಚೆಂದರೆ ಹತ್ತು ಹೆಜ್ಜೆ.”