ಹುಳುಗಳಿಗಿಟ್ಟ ಬಿಯರ್

ಇವತ್ತೂ ಬಟ್ಟಲುಗಳು ಖಾಲಿ. ಆರಕ್ಕೆ ಆರೂ.

ವಿಲ್ಫ್ ಮಂಡಿಯೂರಿ ಒಂದೊಂದನ್ನೂ ಎತ್ತಿ ನೋಡಿದ. ಸತ್ತ ಹುಳು ಒಂದೂ ಇಲ್ಲ. ತರಕಾರಿ ಮಡಿಯ ತುಂಬ ಬೆಳ್ಳಗೆ ಮಿರುಗುವ ಲೋಳೆಯ ಗೆರೆಗಳು. ನಿನ್ನೆ ಹತ್ತೊಂಬತ್ತಿದ್ದ ಎಲೆಕೋಸಿನ ಸಸಿಗಳಲ್ಲಿ ಏಳು ಉಳಿದಿದ್ದವು. ಲೆಟಿಸ್ ಸಾಲಂತೂ ನೆಲಸಮ.

"ಮತ್ತೆ ಯಾರೋ ಕುಡ್ಕೊಂಡ್ ಹೋದ್ರಾ?" ಪಕ್ಕದ ತುಂಡು ನೆಲದ ಸೆತ್ ಬೇಲಿಯಾಚೆಯಿಂದ ಕೇಳಿದ. "ಎರಡು ಕಾಲಿನ ಹುಳು ಇರ್ಬೇಕು ಮಾರಾಯ. ಹೋಗಿ ಕನ್ನಡಿ ನೋಡ್ಕೋ, ಸಿಗ್ತಾನೆ."

ವಿಲ್ಫ್ ಬಟ್ಟಲುಗಳನ್ನು ಒರೆಸಿ ಮತ್ತೆ ಅವುಗಳ ಗುಳಿಯಲ್ಲಿ ಕೂರಿಸಿದ.

ಯಾರ್ಕ್‌ಷೈರಿನ ಆ ಊರಿನಲ್ಲಿ, ಹಳೆಯ ಗಿರಣಿಯ ಹಿಂದಿನ ಬಾಡಿಗೆ ತೋಟದಲ್ಲಿ ಒಂದು ತುಂಡು ನೆಲ ಸಿಗಬೇಕಾದರೆ ಒಂಬತ್ತು ವರ್ಷ ಕಾಯಬೇಕು. ಬೀಳು ಬಿಟ್ಟವರಿಗೆ ತೋಟದ ಸಂಘ ಎರಡು ಸಲ ಕಾಗದ ಬರೆಯುತ್ತದೆ. ಮೂರನೆಯ ಸಲ ನೆಲವೇ ಹೋಗುತ್ತದೆ. ಕಳೆದ ವರ್ಷವೆಲ್ಲ ಆಸ್ಪತ್ರೆಯ ಓಡಾಟದಲ್ಲೇ ಮುಗಿದು ವಿಲ್ಫ್‌ಗೆ ಎರಡೂ ಕಾಗದ ಬಂದಾಗಿತ್ತು. ಈ ಭಾನುವಾರ ತಪಾಸಣೆ. ಅರ್ಧ ನೆಲದಲ್ಲಾದರೂ ಹಸಿರು ಕಾಣಬೇಕು. ಅವನಪ್ಪ ಅಗೆದ ನೆಲ ಅದು. ಅದು ಹೋದರೆ ಬೆಳಗೆದ್ದು ಎಲ್ಲಿಗೆ ಹೋಗುವುದೆಂದು ಅವನಿಗೆ ತೋಚುತ್ತಿರಲಿಲ್ಲ.

ಚಿಪ್ಪಿಲ್ಲದ ಬಸವನಹುಳುಗಳಿಗೆ ಅಲ್ಲಿ ಎಲ್ಲರ ಮದ್ದೂ ಒಂದೇ. ಬಟ್ಟಲನ್ನು ಮಣ್ಣಿನಲ್ಲಿ ಹೂತು ಬಿಯರ್ ಸುರಿಯುವುದು. ವಾಸನೆಗೆ ಬಂದ ಹುಳು ಅದರಲ್ಲೇ ಬಿದ್ದು ಸಾಯುತ್ತದೆ. ವಿಲ್ಫ್ ಮೊದಲು ಮೊಟ್ಟೆಯೋಡು ಚೆಲ್ಲಿದ, ಬೂದಿ ಚೆಲ್ಲಿದ, ತಾಮ್ರದ ಪಟ್ಟಿ ಸುತ್ತಿದ. ಬಿಯರ್ ಮಾತ್ರ ಬೇಡವೆಂದು ಹಟ ಹಿಡಿದ. ಯಾಕೆಂದು ಊರಿಗೆ ಗೊತ್ತಿತ್ತು. ಪಬ್ಬಿನ ಪಕ್ಕದ ಬಾಗಿಲಿನಿಂದ ಅವನು ಚೀಲ ತುಂಬಿಕೊಂಡು ಹೊರಡುವುದನ್ನು ಎಲ್ಲರೂ ವರ್ಷಗಟ್ಟಲೆ ನೋಡಿದ್ದರು. ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲೆ ಈಗ ಹನ್ನೊಂದು ತಿಂಗಳಿಂದ ಆ ಮನೆಗೆ ಒಂದು ಬಾಟಲಿಯೂ ಬಂದಿರಲಿಲ್ಲ.

ಕೊನೆಗೆ ಬೇರೆ ದಾರಿ ಕಾಣದೆ ತಂದ. ಬಾಟಲಿಗಳನ್ನು ತೋಟದ ಶೆಡ್ಡಿನಲ್ಲೇ ಇಟ್ಟು, ಬೀಗ ಹಾಕಿ, ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡ. ದಿನವೂ ಸಂಜೆ ತಾನೇ ಅಳೆದು ಸುರಿಯುವುದು. ಮುಂದಾಗಿ ಮನೆಗೆ ಹೋಗಿ ಒಲೆಯ ಮೇಲೆ ಆಲೂಗಡ್ಡೆ ಇಡುವುದು. ಪಾರಿವಾಳ ಕುಕ್ಕದಂತೆ ಸಸಿಗಳಿಗೆ ಬಲೆ ಹೊದಿಸಿ ಹೆಂಡತಿ ಎನಿಡ್ ಹಿಂದೆಯೇ ಬರುತ್ತಿದ್ದಳು. ಎನಿಡ್ ಸಪುರ ಹೆಂಗಸು, ಬಾಯಲ್ಲಿ ಸದಾ ಪೆಪ್ಪರ್‌ಮಿಂಟು.

"ಆ ಬಿಯರ್ ಹಾಕೋದು ನಿಲ್ಸು ವಿಲ್ಫ್," ಎಂದಳು ಶುಕ್ರವಾರ. "ನನ್ ಕೈಲಾಗ್ತಿಲ್ಲ."

"ಭಾನುವಾರದ ತನಕ ಅಷ್ಟೇ. ಯಾರೋ ಕದೀತಿದಾರೆ. ಹಿಡೀದೆ ಬಿಡಲ್ಲ."

"ನರಿ ಇರಬಹುದು."

"ನರಿ ಬಟ್ಟಲನ್ನ ನೆಟ್ಟಗೆ ಇಟ್ಟು ಹೋಗತ್ತಾ?"

ಎನಿಡ್ ಇನ್ನೊಂದು ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡಳು.

ಶನಿವಾರ ಸಂಜೆ ರಸ್ತೆಯ ತಿರುವಿನವರೆಗೆ ಹೋದವನು ಕನ್ನಡಕ ಮರೆತದ್ದು ನೆನಪಾಗಿ ಹಿಂದಿರುಗಿದ. ಸೆತ್‌ನ ಸೈಕಲ್ ಇನ್ನೂ ಗೇಟಿಗೆ ಒರಗಿತ್ತು. ವಿಲ್ಫ್ ಬೇಲಿಯ ಹತ್ತಿರ ನಿಂತ. ತನ್ನ ಮಡಿಯ ಪಕ್ಕದಲ್ಲಿ ಬಗ್ಗಿದ್ದ ಒಂದು ಬೆನ್ನು ಕಂಡಿತು. ಬಟ್ಟಲು ಮೇಲೆದ್ದಿತು, ಇಳಿಯಿತು. ಇನ್ನೊಂದು ಎದ್ದಿತು. ಆ ಬೆನ್ನಿನ ಗುರುತಿಗೆ ಕನ್ನಡಕ ಬೇಕಾಗಲಿಲ್ಲ. ಕೂಗಲೆಂದು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು, ಬಂದ ದಾರಿಯಲ್ಲೇ ಹೋದ. ಅಂದು ಆಲೂಗಡ್ಡೆ ಸೀದು ಹೋಯಿತು.

ಭಾನುವಾರ ಸಂಘದ ಕಾರ್ಯದರ್ಶಿ ಶ್ರೀಮತಿ ಬ್ರೇತ್‌ವೇಟ್ ಬಂದಾಗ ಮಡಿಯಲ್ಲಿ ಎರಡು ಸಸಿ ಇದ್ದವು. ಅಕ್ಕಪಕ್ಕದವರೆಲ್ಲ ಸಲಿಕೆ ಊರಿಕೊಂಡು ಸುತ್ತ ನಿಂತರು. ಎನಿಡ್ ಶೆಡ್ಡಿನ ಬಳಿ ಇದ್ದಳು.

"ಬಟ್ಟಲಿಗೆ ಯಾರೋ ಕೈ ಹಾಕ್ತಿದಾರೆ ಅಂತ ಕೇಳ್ದೆ," ಎಂದಳಾಕೆ. "ಅದು ನಿಜವಾದ್ರೆ ನಿಂಗೆ ಇನ್ನೊಂದು ತಿಂಗಳು ಕೊಡ್ತೀನಿ ವಿಲ್ಫ್. ಕದ್ದೋರು ಇವತ್ತೇ ಗಂಟು ಕಟ್ಬೇಕು. ಯಾರು, ಹೇಳು."

ಎಲ್ಲರ ಕಣ್ಣೂ ಸೆತ್‌ನ ಕಡೆ ಹೊರಳಿತು. ಸೆತ್ ಕೆಂಪಾದ. "ನನ್ನನ್ನೇನ್ರಪ್ಪ ನೋಡ್ತೀರಾ? ನಾನು ಹಾಗೆ ತಮಾಷೆಗೆ ಅಂದಿದ್ದು."

"ಸೆತ್ ಅಲ್ಲ," ಎಂದ ವಿಲ್ಫ್. "ನಾನೇ. ನಾನೇ ಕುಡ್ದೆ."

ಯಾರಿಗೂ ಆಶ್ಚರ್ಯವಾಗಲಿಲ್ಲ. ಅಷ್ಟೇ ತಾನೇ ಎಂಬಂತೆ ಒಬ್ಬಿಬ್ಬರು ತಲೆದೂಗಿದರು. ಶ್ರೀಮತಿ ಬ್ರೇತ್‌ವೇಟ್ ಕೈ ಚಾಚಿದಳು. ವಿಲ್ಫ್ ಗೇಟಿನ ಕೀಲಿ ಕೊಟ್ಟ, ಅಪ್ಪನ ಸಲಿಕೆಯನ್ನು ಹೆಗಲಿಗೇರಿಸಿದ, ಮಡಿಯ ಕಡೆ ಮತ್ತೆ ನೋಡಲಿಲ್ಲ.

ಮನೆಯ ಅರ್ಧ ದಾರಿಯಲ್ಲಿ ಎನಿಡ್ ನಡುರಸ್ತೆಯಲ್ಲೇ ನಿಂತುಬಿಟ್ಟಳು. ಅವಳ ಗಲ್ಲ ಒದ್ದೆಯಾಗಿತ್ತು.

"ಹುಟ್ಟಿದಾಗಿಂದ ಒಂದು ಹನಿ ನಾಲಿಗೆಗೆ ತಾಗಿಸ್ದೋನಲ್ಲ ನೀನು," ಎಂದಳು. "ಇಷ್ಟು ವರ್ಷ ಚೀಲ ಹೊತ್ತಿದ್ದೂ ನನಗೋಸ್ಕರ, ಇವತ್ತು ಕೆಟ್ಟ ಹೆಸರು ಹೊತ್ತಿದ್ದೂ ನನಗೋಸ್ಕರ."