ಗ್ಲೌಸ್ ತೊಟ್ಟ ಅತಿಥಿ

“ಗ್ಲೌಸ್ ಕೊಡವಾ. ಸಾಹುಕಾರ್ರು ಒಂದ್ ಫೋಟೋ ತೆಗಿಸ್ಕೋತಾರಂತ,” ಎಂದು ಶಾಂತಕುಮಾರ ಮಾಸ್ತರು ಕೈ ಚಾಚಿದಾಗ ಕಹಕಶಾ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದಳು. ಅವಳು ಶಹಾಪುರದ ಹುಡುಗಿಯರ ತಂಡದ ಗೋಲ್‌ಕೀಪರು. ಸುರಪುರದ ಜೊತೆ ಫೈನಲ್ ಮ್ಯಾಚು ಇನ್ನೇನು ಶುರುವಾಗಬೇಕು. ಇಲ್ಲಿ ಚೆನ್ನಾಗಿ ಆಡಿದವರಿಗಷ್ಟೇ ಜಿಲ್ಲಾ ತಂಡದಲ್ಲಿ ಜಾಗ.

“ಬ್ಯಾಡ್ರಿ ಸರ್, ಹರೀತಾವ. ಹೋದ ಮ್ಯಾಚಿನ್ಯಾಗ ನನ್ನ ಬೆರಳು ಉಳುಕ್ಯಾದ, ನಿಮಗ ಗೊತ್ತದಲ್ರಿ?”

“ಅಯ್ಯ, ಅವ್ರೇನು ನಿನ್ನ ಗ್ಲೌಸ್ ತಿಂತಾರೇನು? ಕಪ್ ಕೊಡಿಸಿದವ್ರೇ ಅವ್ರು. ತಾ ಇಲ್ಲಿ!” ಕಹಕಶಾ ಒಲ್ಲದ ಮನಸ್ಸಿನಿಂದ ಬಿಚ್ಚಿ ಕೊಟ್ಟಳು.

ಆ ಗ್ಲೌಸನ್ನು ಅವಳು ಎಷ್ಟು ಜತನ ಮಾಡಿದ್ದಳೆಂದು ಅವಳಿಗೇ ಗೊತ್ತು. ಆಟ ಮುಗಿದ ಮೇಲೆ ತಣ್ಣೀರಲ್ಲಿ ಮೆತ್ತಗೆ ತೊಳೆದು ನೆರಳಲ್ಲಿ ಒಣಹಾಕುವಳು. ಬಿಸಿಲು ತಾಕಿದರೆ ಅಂಗೈಯ ರಬ್ಬರು ಬಿರಿಯುತ್ತದೆ. ಅಮ್ಮ ಮದೀನಾಬೀ ಒಮ್ಮೆ ಅದನ್ನು ಒಗೆಯುವ ಕಲ್ಲಿನ ಮೇಲೆ ಉಜ್ಜಲು ಹೋದಳೆಂದು ಮುನಿಸಿಕೊಂಡು ಉಣ್ಣದೆ ಕೂತಿದ್ದಳು. ಅಂಥ ಗ್ಲೌಸಿನೊಳಗೆ ಹತ್ತಿ ಮಿಲ್ಲಿನ ಸಾಹುಕಾರ ಬಸವಂತ್ರಾಯರು ಬೆರಳಿಗೊಂದರಂತಿದ್ದ ಹರಳಿನ ಉಂಗುರಗಳ ಸಮೇತ ಕೈ ತುರುಕಿದರು. ಉಂಗುರ ಬಿಚ್ಚಿರಿ ಎನ್ನುವ ಗಂಡಸೊಬ್ಬ ಆ ಮೈದಾನದಲ್ಲಿ ಇರಲಿಲ್ಲ. ಗೋಲಿನ ಮುಂದೆ ಮುಷ್ಟಿ ಬಿಗಿದು ನಿಂತರು, ನಕ್ಕರು, ಫೋಟೋ ಆಯಿತು. ಬಿಚ್ಚಲು ಹೋದರೆ ಬರಲೊಲ್ಲದು. ಜಗ್ಗಿದರು. ಎರಡೂ ಪರ್ರನೆ ಹರಿದವು.

“ಮಾಲು ಏನೂ ಬರೋಬ್ಬರಿ ಇಲ್ಲ ಬಿಡ್ರಿ ಮಾಸ್ತರ,” ಎಂದು ಅವಳ ಕಾಲಬುಡಕ್ಕೆ ಎಸೆದು ಹೋದರು.

ಕಹಕಶಾಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ತಪ್ಪಾಯಿತು ಅನ್ನುವ ಒಂದು ಮಾತಾದರೂ ಬೇಡವೇ? ಹಾಕಿಕೊಂಡು ನೋಡಿದಳು, ಬೆರಳುಗಳೆಲ್ಲ ಆಚೆ ಬಂದವು. ತೆಗೆದು ಗೋಲ್‌ಕಂಬದ ಬುಡದಲ್ಲಿಟ್ಟಳು. ಅಷ್ಟರಲ್ಲಿ ಮಾಸ್ತರು ಮತ್ತೆ ಓಡಿಬಂದರು.

“ಈಗ ಸಾಹುಕಾರ್ರು ಬಾಲ್ ಒದ್ದು ಉದ್ಘಾಟನಿ ಮಾಡ್ತಾರ. ನೀ ಸುಮ್ಮ ಆ ಕಡಿ ಬೀಳು. ಗೋಲ್ ಆಗ್ಬೇಕು, ತಿಳೀತಿಲ್ಲ?”

ಉದ್ಘಾಟನೆಯೆಂದರೆ ಎಲ್ಲ ಕಡೆ ಹೀಗೇ. ಅತಿಥಿ ಒದ್ದ ಚೆಂಡು ಬಲೆಗೆ ಹೋಗಬೇಕು, ಚಪ್ಪಾಳೆ ಬೀಳಬೇಕು. ಅವಳೂ ಇಂಥವನ್ನು ಬೇಕಾದಷ್ಟು ಬಿಟ್ಟುಕೊಟ್ಟವಳೇ. ಬಸವಂತ್ರಾಯರು ಹೊಟ್ಟೆ ಕುಣಿಸುತ್ತ ಓಡಿಬಂದು ಒದ್ದರು. ಚೆಂಡು ಪರವಾಗಿಲ್ಲ, ಜೋರಾಗಿಯೇ ಬಂತು. ಕಹಕಶಾ ಹಾರಿ ಬರಿಗೈಯಲ್ಲಿ ಹಿಡಿದು ಎದೆಗೆ ಅವುಚಿಕೊಂಡಳು. ಉಳುಕಿದ ಬೆರಳು ಚುಳ್ಳೆಂದು ಕಣ್ಣಲ್ಲಿ ನೀರು ತುಂಬಿತು. ಆದರೂ ಬಿಡಲಿಲ್ಲ.

ಚಪ್ಪಾಳೆಗೆ ಎತ್ತಿದ ಕೈಗಳು ಎತ್ತಿದಲ್ಲೇ ಉಳಿದವು. ಬಸವಂತ್ರಾಯರು ಕೆಂಗಣ್ಣು ಮಾಡಿ ಅವಳತ್ತ ಬೆರಳು ತೋರಿಸಿದರು. ಆ ಬೆರಳಿನ ಹರಳಿಗೆ ಗ್ಲೌಸಿನ ಬಿಳಿ ರಬ್ಬರಿನ ಚೂರೊಂದು ಸಿಕ್ಕಿಕೊಂಡಿತ್ತು.

“ಏ ಹುಚ್ಚಿ! ಬಿಡು ಅಂದಿದ್ದಿಲ್ಲೇನು ನಾ?” ಮಾಸ್ತರು ಕೂಗಿದರು.

“ಗ್ಲೌಸ್ ಕೊಡು ಅಂದ್ರಿ, ಕೊಟ್ಟೆ,” ಎಂದಳು ಕಹಕಶಾ. “ಗೋಲ್ ಕೊಡಂಗಿಲ್ರಿ.”